ಉಯ್ಯಾಲೆ ನಡುವೆ ನಿಲ್ಲದೇಕೆ?

ಹಬೆಯಾಡುವ ಕಾಫಿಯ ಲೋಟಕ್ಕೆ ತಟ್ಟೆ ಮುಚ್ಚಿ ಮೇಜಿನ ಮೇಲಿಟ್ಟು ಮರೆತಿರೆಂದುಕೊಳ್ಳಿ. ಕಾಫಿ ಮೊದಮೊದಲು ಬೇಗನೆ, ಆಮೇಲೆ ನಿಧಾನವಾಗಿ ಆರುತ್ತದೆ; ಕೋಣೆಯ ಗಾಳಿಯಷ್ಟು ತಣ್ಣಗಾಗಿ ಅಲ್ಲಿಗೆ ನಿಲ್ಲುತ್ತದೆ. ಗಾಳಿಗಿಂತ ತಣ್ಣಗಾಗಿ, ಮತ್ತೆ ತಾನಾಗಿ ಬಿಸಿಯೇರಿದ ಕಾಫಿಯನ್ನು ಯಾರೂ ಕಂಡಿಲ್ಲ. ಇನ್ನು ಮಕ್ಕಳ ಉಯ್ಯಾಲೆಯನ್ನು ನೋಡಿ. ಅದಕ್ಕೂ ನಿಲ್ಲಲೊಂದು ನೆಲೆಯುಂಟು. ಹಗ್ಗ ನೆಟ್ಟಗೆ ಇಳಿಬಿದ್ದಿರುವ ನಡುವಿನ ತಾಣವೇ ಅದು. ಆದರೆ ಪಕ್ಕಕ್ಕೆಳೆದು ಬಿಟ್ಟ ಉಯ್ಯಾಲೆ ಅಲ್ಲಿಗೆ ಬಂದು ನಿಲ್ಲುವುದಿಲ್ಲ. ನಿಲ್ಲುವುದಿರಲಿ, ಅದರ ವೇಗ ಎಲ್ಲಕ್ಕಿಂತ ಹೆಚ್ಚಾಗಿರುವುದು ಅಲ್ಲಿಯೇ! ಕಾಫಿಗಿರುವ ಸಂಯಮ ಉಯ್ಯಾಲೆಗೆ ಏಕಿಲ್ಲ?

ಕಾಫಿಗೂ ಗಾಳಿಗೂ ಇರುವ ಶಾಖದ ಅಂತರವು ಕಾಫಿ ಆರುವ ವೇಗವನ್ನೇ ನೇರವಾಗಿ ನಿರ್ಧರಿಸುತ್ತದೆ. ಅಂತರ ಅಳಿದರೆ ವೇಗವೂ ಅಳಿಯುತ್ತದೆ. ಇಂಥವನ್ನು ಗಣಿತಜ್ಞರು ಮೊದಲನೆಯ ಕ್ರಮದ ವ್ಯವಸ್ಥೆಗಳೆನ್ನುತ್ತಾರೆ. ಉಯ್ಯಾಲೆಯ ಕತೆ ಬೇರೆ. ನ್ಯೂಟನ್ 1687ರಲ್ಲಿ ಪ್ರಕಟಿಸಿದ 'ಪ್ರಿನ್ಸಿಪಿಯಾ' ಗ್ರಂಥದ ತಿರುಳೇ ಇದು: ಬಲವು ವೇಗವನ್ನಲ್ಲ, ವೇಗದಲ್ಲಾಗುವ ಬದಲಾವಣೆಯನ್ನು ನಿರ್ಧರಿಸುತ್ತದೆ. ಸ್ಥಾನದ ಬದಲಾವಣೆ ವೇಗ; ವೇಗದ ಬದಲಾವಣೆ ವೇಗೋತ್ಕರ್ಷ. ಹೀಗೆ ಬದಲಾವಣೆಯ ಬದಲಾವಣೆಯನ್ನು ಹೇಳುವ ಸಮೀಕರಣ ಎರಡನೆಯ ಕ್ರಮದ್ದು. ಉಯ್ಯಾಲೆ ನಡುವಿಗೆ ಬಂದಾಗ ಅದನ್ನು ನಡುವಿನತ್ತ ಸೆಳೆಯುವ ಬಲ ಇಲ್ಲವಾಗುತ್ತದೆ, ನಿಜ. ಆದರೆ ಅಷ್ಟರವರೆಗೆ ಗಳಿಸಿದ ವೇಗ ಎಲ್ಲಿಗೆ ಹೋದೀತು? ಆ ಗಳಿಕೆಯೇ ಅದನ್ನು ಆಚೆ ಬದಿಗೆ ಒಯ್ಯುತ್ತದೆ.

ಆದುದರಿಂದ ಕಾಫಿಯ ಮುಂದಿನ ಗತಿಯನ್ನು ಹೇಳಲು ಉಷ್ಣಮಾಪಕದ ಒಂದು ಅಂಕೆ ಸಾಕು. ಉಯ್ಯಾಲೆಗೆ ಅದು ಸಾಲದು. ನಡುವಿನಲ್ಲಿರುವ ಉಯ್ಯಾಲೆಯ ಛಾಯಾಚಿತ್ರವೊಂದನ್ನು ನಿಮ್ಮ ಕೈಗಿತ್ತರೆ, ಅದು ಸುಮ್ಮನೆ ತೂಗಿಬಿದ್ದಿದೆಯೋ, ರಭಸದಿಂದ ಹಾಯುತ್ತಿದೆಯೋ ಹೇಳಲಾರಿರಿ. ಎಲ್ಲಿದೆ ಎಂಬುದರ ಜೊತೆಗೆ ಹೇಗೆ ಹೋಗುತ್ತಿದೆ ಎಂಬುದೂ ತಿಳಿಯಬೇಕು.

ತೂಗಾಡುವುದೆಲ್ಲ ಕೊನೆಗೆ ನಿಲ್ಲುವುದು ಘರ್ಷಣೆಯಿಂದ. ಗಾಳಿ, ಎಣ್ಣೆ, ಕೀಲುಗಳ ಉಜ್ಜಾಟ ಚಲನೆಯ ಶಕ್ತಿಯನ್ನು ಹೀರಿಕೊಳ್ಳುತ್ತವೆ. ಇದಕ್ಕೆ ಅವಮಂದನವೆಂದು ಹೆಸರು. ಎರಡೂ ಕಡೆಗೆ ತೆರೆಯುವ ಸ್ಪ್ರಿಂಗ್ ಬಾಗಿಲನ್ನು ನೆನೆಯಿರಿ. ಅವಮಂದನ ಕಡಿಮೆಯಾದರೆ ಬಾಗಿಲು ಹಿಂದಕ್ಕೂ ಮುಂದಕ್ಕೂ ಹಲವು ಸಲ ಬೀಸಾಡುತ್ತದೆ. ಅತಿಯಾದರೆ ಮುಚ್ಚಲು ಮನಸ್ಸಿಲ್ಲದಂತೆ ತೆವಳುತ್ತದೆ. ಇವೆರಡರ ನಡುವೆ ಒಂದು ಹದವುಂಟು. ಅಲ್ಲಿ ಬಾಗಿಲು ಆಚೆ ಹೋಗದೆ, ತಡವನ್ನೂ ಮಾಡದೆ ತನ್ನ ನೆಲೆ ಸೇರುತ್ತದೆ. ಮೋಟಾರು ಗಾಡಿಯ ಷಾಕ್ ಅಬ್ಸಾರ್ಬರ್ ಮಾಡುವ ಕೆಲಸವೂ ಇದೇ ಬಗೆಯದು.

ತೂಗುವ ವಸ್ತುವನ್ನು ಅದರದೇ ತಾಳಕ್ಕೆ ಸರಿಯಾಗಿ ಮತ್ತೆ ಮತ್ತೆ ತಳ್ಳಿದರೆ ಸಣ್ಣ ಬಲವೂ ದೊಡ್ಡ ತೂಗಾಟವನ್ನೆಬ್ಬಿಸುತ್ತದೆ. ಇದು ಅನುರಣನ. ಗುಂಡಿ ತಿರುಗಿಸಿ ನಿಲಯ ಹಿಡಿಯುವ ಹಳೆಯ ಮಾದರಿಯ ರೇಡಿಯೋದಲ್ಲಿ ತಂತಿಯ ಸುರುಳಿಯೂ ಕೆಪಾಸಿಟರೂ ಕೂಡಿ ವಿದ್ಯುತ್ತಿನ ಉಯ್ಯಾಲೆಯೊಂದನ್ನು ಕಟ್ಟುತ್ತವೆ. ನೂರಾರು ಅಲೆಗಳಲ್ಲಿ ತನ್ನ ತಾಳಕ್ಕೆ ಹೊಂದಿದ ಒಂದನ್ನು ಅದು ಎತ್ತಿಕೊಳ್ಳುತ್ತದೆ. ಅಲ್ಲಿ ಉಪಕಾರಿಯಾದ ಈ ಗುಣವೇ ಬೇರೆಡೆ ಅಪಾಯಕಾರಿ. 1831ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಬ್ರೌಟನ್ ತೂಗುಸೇತುವೆ, ಹೆಜ್ಜೆಗೂಡಿಸಿ ನಡೆದ ಸೈನಿಕರ ಕಾಲ ಕೆಳಗೆ ಕುಸಿಯಿತು. ಸೇತುವೆಯ ಮೇಲೆ ಹೆಜ್ಜೆ ಮುರಿದು ನಡೆಯುವ ಪದ್ಧತಿ ಅಲ್ಲಿನ ಸೈನ್ಯದಲ್ಲಿ ಬಂದುದು ಆ ಅನುಭವದಿಂದ.

ಆದರೆ ಯಾರೂ ಹೆಜ್ಜೆಗೂಡಿಸದೆ ನಡೆದರೂ ಸೇತುವೆ ತೂಗಬಹುದೆಂದು ಲಂಡನ್ ನಗರ 2000ದಲ್ಲಿ ಕಂಡಿತು. ಥೇಮ್ಸ್ ನದಿಗೆ ಕಟ್ಟಿದ ಮಿಲೇನಿಯಂ ಕಾಲುಸೇತುವೆಯನ್ನು ಆ ವರ್ಷದ ಜೂನ್ 10ರಂದು ಜನರಿಗೆ ತೆರೆಯಲಾಯಿತು. ಜನ ನೆರೆದಂತೆ ಸೇತುವೆ ಎಡಬಲಕ್ಕೆ ಓಲಾಡತೊಡಗಿತು. ಜನ ಕಂಬಿಗಳನ್ನು ಹಿಡಿದುಕೊಂಡರು. ಎರಡೇ ದಿನಗಳಲ್ಲಿ ಅದನ್ನು ಮುಚ್ಚಬೇಕಾಯಿತು. ಸೇತುವೆಯ ಬಲಕ್ಕೇನೂ ಕೊರತೆಯಿರಲಿಲ್ಲ, ಕೊರತೆಯಿದ್ದುದು ಅವಮಂದನಕ್ಕೆ. ನೆಲ ಓಲಿದಾಗ ನಡೆಯುವವನು ಬೀಳದಿರಲು ಕಾಲನ್ನು ಅಗಲಿಸಿ ಊರುತ್ತಾನೆ. ಆ ಊರುವಿಕೆಯಲ್ಲಿ ತನಗರಿವಿಲ್ಲದೆ ಓಲಾಟಕ್ಕೆ ತುಸು ಶಕ್ತಿ ಕೊಡುತ್ತಾನೆ. ಎಂದರೆ ಪ್ರತಿಯೊಬ್ಬನೂ ಸೇತುವೆಯ ಅವಮಂದನದಿಂದ ಒಂದಿಷ್ಟನ್ನು ಕಳೆದಂತಾಯಿತು. ಆಮೇಲೆ ನಡೆಸಿದ ಪರೀಕ್ಷೆಯಲ್ಲಿ ಸೇತುವೆಯ ಒಂದು ಭಾಗದ ಮೇಲೆ ನಡೆಯುವವರನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಹೋದರು. ಸುಮಾರು 160 ಜನರಾಗುವವರೆಗೂ ಹೇಳಿಕೊಳ್ಳುವಂಥದೇನೂ ಆಗಲಿಲ್ಲ. ಆ ಎಲ್ಲೆ ದಾಟುತ್ತಲೇ ಓಲಾಟ ಥಟ್ಟನೆ ಬೆಳೆಯಿತು. ಇಷ್ಟು ಜನಕ್ಕೆ ಸುಮ್ಮನಿತ್ತು, ಇನ್ನು ಹತ್ತು ಜನಕ್ಕೆ ಏನಾದೀತು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪರಿಹಾರವೇನು? ಮೊದಲು ತೋರುವ ಉಪಾಯ ಸೇತುವೆಯನ್ನು ಇನ್ನಷ್ಟು ಬಿಗಿಗೊಳಿಸುವುದು. ಆದರೆ ತೂಗುವಿಕೆಯ ತಾಳವು ಬಿಗಿತದ ವರ್ಗಮೂಲವನ್ನು ಅನುಸರಿಸುತ್ತದೆ. ತಾಳವನ್ನು ಮೂರು ಪಟ್ಟು ಏರಿಸಬೇಕಾದರೆ ಬಿಗಿತ ಒಂಬತ್ತು ಪಟ್ಟಾಗಬೇಕು. ಅಷ್ಟಾದರೆ ಆ ತೆಳ್ಳನೆಯ ಸೇತುವೆಯ ರೂಪವೇ ಉಳಿಯುತ್ತಿರಲಿಲ್ಲ. ಎಂಜಿನಿಯರರು ಬೇರೆ ದಾರಿ ಹಿಡಿದರು. ದ್ರವದ ಪ್ರತಿರೋಧದಿಂದ ಕೆಲಸ ಮಾಡುವ 37 ಅವಮಂದಕಗಳನ್ನೂ, ಸ್ಪ್ರಿಂಗುಗಳಿಗೆ ಭಾರ ಕಟ್ಟಿದ 50ಕ್ಕೂ ಹೆಚ್ಚು ಅವಮಂದಕಗಳನ್ನೂ ಸೇತುವೆಗೆ ಅಳವಡಿಸಿದರು. 2002ರ ಫೆಬ್ರವರಿಯಲ್ಲಿ ಸೇತುವೆ ಮತ್ತೆ ತೆರೆಯಿತು, ಓಲಾಟ ಅಡಗಿತು.

ಬಲವನ್ನು ಬಲದಿಂದಲೇ ಎದುರಿಸಬೇಕೆಂದು ನಮಗೆ ಸಹಜವಾಗಿ ತೋರುತ್ತದೆ. ನಿಂತ ವಸ್ತುವಿನ ಮಟ್ಟಿಗೆ ಅದು ಸರಿಯಿರಬಹುದು. ಚಲಿಸುವುದರ ವಿಷಯದಲ್ಲಿ ಮಾತ್ರ, ಅದು ಗಳಿಸಿದ ವೇಗವನ್ನು ಎಲ್ಲಿ ಹೇಗೆ ವೆಚ್ಚ ಮಾಡಿಸುತ್ತೇವೆ ಎಂಬುದನ್ನೂ ಮೊದಲೇ ಯೋಚಿಸಿರಬೇಕು. ಉಯ್ಯಾಲೆಯಿಂದ ಮಗುವನ್ನು ಇಳಿಸುವ ತಾಯಿ ಅದನ್ನು ನಡುವಿನಲ್ಲಿ ಅಡ್ಡ ನಿಂತು ತಡೆಯುವುದಿಲ್ಲ. ಜೊತೆಗೆ ಎರಡು ಹೆಜ್ಜೆ ಹೋಗಿ, ರಭಸವನ್ನು ತನ್ನ ಕೈಗೆ ತೆಗೆದುಕೊಂಡು, ಮೆಲ್ಲನೆ ನಿಲ್ಲಿಸುತ್ತಾಳೆ.