ದೀಪ ಕುಗ್ಗಿದ ಮನೆ

ಬಾಗಿಲಿಗೆ ಬೀಗವಿಕ್ಕದೆಯೇ ಮನೆಯಾಕೆಯನ್ನು ಸೆರೆಯಲ್ಲಿಡುವುದು ಸಾಧ್ಯವೆ? ಸಾಧ್ಯವೆಂದು ಕಣ್ಣಿಗೆ ಕಟ್ಟುವಂತೆ ತೋರಿಸಿದ ವಾಕ್ಚಿತ್ರವೊಂದುಂಟು. ಪ್ಯಾಟ್ರಿಕ್ ಹ್ಯಾಮಿಲ್ಟನ್ನನ 1938ರ ಆಂಗ್ಲ ನಾಟಕವನ್ನು ಆಧರಿಸಿ ಜಾರ್ಜ್ ಕ್ಯೂಕರನು 1944ರಲ್ಲಿ ಅಮೆರಿಕದಲ್ಲಿ ನಿರ್ದೇಶಿಸಿದ ಆ ಚಿತ್ರದ ಹೆಸರು ‘ಗ್ಯಾಸ್‌ಲೈಟ್’. ಇದೇ ನಾಟಕವು 1940ರಲ್ಲಿ ಇಂಗ್ಲೆಂಡಿನಲ್ಲಿಯೂ ಒಮ್ಮೆ ಚಿತ್ರವಾಗಿದ್ದಿತು.

ಕಥೆಯು ನಡೆಯುವುದು ಲಂಡನ್ನಿನಲ್ಲಿ, ಕೊಳವೆಯ ಅನಿಲದಿಂದ ಮನೆಯ ದೀಪಗಳು ಉರಿಯುತ್ತಿದ್ದ ಕಾಲದಲ್ಲಿ. ಪೌಲಾ ಎಂಬ ತರುಣಿಯನ್ನು ಸಾಕಿದ ಚಿಕ್ಕಮ್ಮನು ಹೆಸರಾಂತ ಗಾಯಕಿ. ಆಕೆಯು ಕೊಲೆಯಾದ ಮನೆಗೇ, ಗಂಡನ ಇಚ್ಛೆಯಂತೆ, ಪೌಲಾ ಸಂಸಾರ ಹೂಡಲು ಬರುತ್ತಾಳೆ. ಗಂಡ ಗ್ರೆಗರಿ ಮೃದುಭಾಷಿ. ತನ್ನ ತಾಯಿಯದೆಂದು ಹೇಳಿ ಒಂದು ಪದಕವನ್ನು ಕೊಡುತ್ತಾನೆ. ನೀನು ವಸ್ತುಗಳನ್ನು ಕಳೆದುಕೊಳ್ಳುವವಳು, ಜೋಕೆ ಎಂದು ನಗುತ್ತಲೇ ಅದನ್ನು ಆಕೆಯ ಕೈಚೀಲದೊಳಗೆ ಇಡುತ್ತಾನೆ. ಬಳಿಕ ನೋಡಿದರೆ ಪದಕವಿಲ್ಲ! ಗೋಡೆಯ ಪಟವು ಮಾಯವಾಗುತ್ತದೆ; ತೆಗೆದವಳು ನೀನೇ, ನಿನಗೆ ನೆನಪಿಲ್ಲವೆನ್ನುತ್ತಾನೆ. ಸಂಗೀತ ಗೋಷ್ಠಿಯ ನಡುವೆ ಅವನ ಗಡಿಯಾರವು ಆಕೆಯ ಚೀಲದಲ್ಲಿ ಸಿಗುತ್ತದೆ. ಅಷ್ಟು ಜನರೆದುರಿಗೆ ಆಕೆ ಬಿಕ್ಕಿ ಅಳುತ್ತಾಳೆ. ಕಾಣಬಂದವರಿಗೆ, ಆಕೆಗೆ ಮೈ ಸರಿಯಿಲ್ಲವೆಂಬ ಉತ್ತರ. ಇಷ್ಟಾದರೂ ಅವನು ಒಮ್ಮೆಯೂ ಕೈಯೆತ್ತುವುದಿಲ್ಲ. ಎಲ್ಲವೂ ಆಕೆಯ ಹಿತಕ್ಕಾಗಿಯೇ ಎಂಬಂತೆ ನಡೆಯುತ್ತದೆ. ಸಂಸಾರಸ್ಥರ ಮೈ ಜುಮ್ಮೆನ್ನಿಸುವುದು ಈ ಹಿತಚಿಂತನೆಯೇ ಹೊರತು, ಕೊಲೆಯ ಕಥೆಯಲ್ಲವೆಂದು ನನ್ನ ಎಣಿಕೆ.

ಇನ್ನು ದೀಪದ ವಿಷಯ. ಮನೆಯ ಒಂದೆಡೆ ಹೊಸದಾಗಿ ದೀಪ ಹೊತ್ತಿಸಿದರೆ ಕೊಳವೆಯೊಳಗಿನ ಒತ್ತಡವು ತಗ್ಗಿ ಉಳಿದ ದೀಪಗಳು ಮಂಕಾಗುವುದು ಆ ಕಾಲದ ಗೃಹಿಣಿಯರು ಬಲ್ಲ ಸಂಗತಿ. ಗ್ರೆಗರಿ ರಾತ್ರಿ ಹೊರಗೆ ಹೋದೊಡನೆ ಪೌಲಾಳ ಕೋಣೆಯ ದೀಪವು ಕುಗ್ಗುತ್ತದೆ. ಮುಚ್ಚಿಟ್ಟ ಅಟ್ಟದಲ್ಲಿ ಹೆಜ್ಜೆಯ ಸಪ್ಪಳ. ಮನೆಯಲ್ಲಿ ಬೇರಾರೂ ದೀಪ ಹಚ್ಚಿಲ್ಲ. ಅಡಿಗೆಯಾಕೆಗೆ ಕಿವಿ ಮಂದ. ಎಳೆಯ ದಾಸಿಗೆ (ಏಂಜೆಲಾ ಲ್ಯಾನ್ಸ್‌ಬರಿಯ ಮೊದಲನೆಯ ಚಿತ್ರವಿದು) ಯಜಮಾನಿಯೆಂದರೆ ತಿರಸ್ಕಾರ. ತನಗೆ ಬುದ್ಧಿಭ್ರಮಣೆಯಾಗಿದೆಯೆಂದು ಪೌಲಾ ತಾನೇ ನಂಬತೊಡಗುತ್ತಾಳೆ. ನಿಜವೇನೆಂದರೆ, ಚಿಕ್ಕಮ್ಮನನ್ನು ಕೊಂದವನೇ ಈ ಗಂಡ. ಆಗ ಕೈಗೆ ಸಿಗದ ರತ್ನಗಳನ್ನು ಅಟ್ಟದಲ್ಲಿ ಹುಡುಕುತ್ತಿರುವವನೂ ಅವನೇ.

ಆಕೆಯನ್ನು ಉಳಿಸಿದ್ದು ಇನ್ನೊಬ್ಬನ ಕಣ್ಣು. ಕ್ಯಾಮೆರಾನ್ ಎಂಬ ಪತ್ತೇದಾರನು ಒಂದು ರಾತ್ರಿ ಆಕೆಯೊಡನೆ ಮಾತನಾಡುತ್ತಿರುವಾಗಲೇ ದೀಪವು ಕುಗ್ಗುತ್ತದೆ. ಇದೇಕೆ ಕುಗ್ಗಿತೆಂದು ಅವನು ಸಹಜವಾಗಿ ಕೇಳುತ್ತಾನೆ. ಅವನಿಗೂ ಕಂಡಿತೆಂದು ತಿಳಿದ ಆ ಕ್ಷಣ ಇಂಗ್ರಿಡ್ ಬರ್ಗ್‌ಮನ್ನಳ ಮುಖವನ್ನು ನೋಡಬೇಕು! ಈ ಪಾತ್ರಕ್ಕಾಗಿ ಆಕೆಗೆ ಆಸ್ಕರ್ ಪಾರಿತೋಷಕವು ದೊರೆಯಿತು. ಚಿತ್ರದ ಹೆಸರಾದರೋ ಇಂಗ್ಲಿಷಿನಲ್ಲಿ ಕ್ರಿಯಾಪದವೇ ಆಗಿಹೋಗಿದೆ. ಅದರಿಂದ ಹುಟ್ಟಿದ ‘ಗ್ಯಾಸ್‌ಲೈಟಿಂಗ್’ ಎಂಬುದನ್ನು ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು 2022ರ ವರ್ಷದ ಪದವೆಂದು ಆರಿಸಿದರು.

ಕೊನೆಯಲ್ಲಿ ಸಿಕ್ಕಿಬಿದ್ದ ಗ್ರೆಗರಿಯನ್ನು ಕುರ್ಚಿಗೆ ಬಿಗಿದಿರುತ್ತಾರೆ. ಚಾಕು ತಂದು ಹಗ್ಗವನ್ನು ಕೊಯ್ಯೆಂದು ಅವನು ಹೆಂಡತಿಯನ್ನು ಅಂಗಲಾಚುತ್ತಾನೆ. ಚಾಕು ಆಕೆಯ ಕೈಯಲ್ಲಿಯೇ ಇದೆ. ಯಾವ ಚಾಕು, ಹುಚ್ಚಿಯಾದ ನಾನು ಅದನ್ನೂ ಎಲ್ಲಿಯೋ ಕಳೆದಿರಬೇಕು ಎನ್ನುತ್ತಾಳೆ ಪೌಲಾ.