ಮರ ಒಂದು, ಸುತ್ತುವ ಕ್ರಮ ಹಲವು

ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಮೊದಲು ದೊಡ್ಡ ನಾಲೆಯಲ್ಲಿ, ಬಳಿಕ ಕವಲುಗಳಲ್ಲಿ ಹರಿದು, ಕೊನೆಗೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳಿಗೆ ಇಳಿಯುತ್ತದೆ. ಕಂದಾಯದ ಲೆಕ್ಕವಾದರೋ ಇದಕ್ಕೆ ವಿರುದ್ಧ: ಹಳ್ಳಿಗಳ ಮೊತ್ತ ಕೂಡಿದ ಮೇಲೆಯೇ ಹೋಬಳಿಯದು, ಹೋಬಳಿಗಳದು ಕೂಡಿದ ಮೇಲೆಯೇ ತಾಲ್ಲೂಕಿನದು. ಎರಡೂ ಕವಲೊಡೆದ ಮರಗಳೇ. ಸುತ್ತುವ ಕ್ರಮ ಮಾತ್ರ ಬೇರೆ.

ಕಡತಗಳ ಹಳೆಯ ಹೊಸ ರೂಪಗಳನ್ನೆಲ್ಲ ಕಾಪಾಡುವ ತಂತ್ರಾಂಶಗಳಿಗೂ ಇದೇ ಪ್ರಶ್ನೆ ಎದುರಾಗುತ್ತದೆ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ‘ಗಿಟ್’ ಅಂಥದೊಂದು. ‘ಮಂಡ್ಯ’ವೆಂಬ ಫೋಲ್ಡರಿನೊಳಗೆ ‘ಮದ್ದೂರು’, ‘ಮಳವಳ್ಳಿ’ ಎಂಬ ಫೋಲ್ಡರುಗಳೂ ಅವುಗಳೊಳಗೆ ಹಳ್ಳಿಗಳ ಕಡತಗಳೂ ಇವೆಯೆಂದು ನಾವು ಭಾವಿಸೋಣ. ಗಿಟ್ ಪ್ರತಿಯೊಂದಕ್ಕೂ ಅದರೊಳಗಿನ ವಿಷಯದಿಂದಲೇ ಗಣಿಸಿದ ಒಂದು ಗುರುತನ್ನು, ಸಾಮಾನ್ಯವಾಗಿ 40 ಅಕ್ಷರಗಳದನ್ನು, ಕೊಡುತ್ತದೆ. ಫೋಲ್ಡರಿನ ಗುರುತಿಗೆ ಒಳಗಿರುವವುಗಳ ಗುರುತುಗಳೇ ಆಧಾರ. ಆದ್ದರಿಂದ ಇಲ್ಲಿ ಮಕ್ಕಳು ಮೊದಲು, ತಾಯಿ ಆಮೇಲೆ. ಕಂದಾಯದ ಲೆಕ್ಕದ ಕ್ರಮವೇ ಸರಿ.

ಅಳಿಸುವಾಗಲೂ ಹಾಗೆಯೇ: ಬರಿದಾಗದ ಫೋಲ್ಡರನ್ನು ಹಾಗೆಯೇ ತೆಗೆಯಲು ಗಣಕವು ಒಪ್ಪದು. ಹೊಸದಾಗಿ ರಚಿಸುವಾಗ ಮಾತ್ರ ತಾಯಿಯೇ ಮೊದಲು. ಇಲ್ಲದ ಫೋಲ್ಡರಿನೊಳಗೆ ಕಡತವನ್ನಿಡುವುದೆಂತು?

ಎರಡು ಆವೃತ್ತಿಗಳನ್ನು ಹೋಲಿಸುವಾಗ ನಾಲೆಯ ನೀರಿನಂತೆ ಮೇಲಿನಿಂದ ಇಳಿಯುವುದು ಜಾಣತನ. ‘ಮಳವಳ್ಳಿ’ಯ ಗುರುತು ಎರಡರಲ್ಲೂ ಒಂದೇ ಆಗಿದ್ದರೆ ಅದರ ಹಳ್ಳಿಗಳನ್ನು ತೆರೆದು ನೋಡಬೇಕಾಗಿಯೇ ಇಲ್ಲ, ‘ಮದ್ದೂರಿ’ನದು ಬದಲಾಗಿದ್ದರೆ ಅಲ್ಲಿಗೆ ಮಾತ್ರ ಇಳಿದರಾಯಿತು. ಸಾವಿರಾರು ಕಡತಗಳಿರುವಲ್ಲಿ ಈ ಉಳಿತಾಯ ಅಲ್ಪವಲ್ಲ.

ಕ್ರಮ ತಪ್ಪಿದರೆ ಕೆಲಸ ನಿಲ್ಲುತ್ತದೆ, ಇಲ್ಲವೆ ಕಾಲ ವ್ಯರ್ಥವಾಗುತ್ತದೆ. ಯಾವ ಕ್ರಮ ಮೇಲೆಂದು ಕೇಳುವ ಮೊದಲು, ಆಗಬೇಕಾದ ಕೆಲಸ ಯಾವುದೆಂದು ನಾವು ಕೇಳಿಕೊಳ್ಳಬೇಕು.