ಗಂಜಿಯೂಟದ ನಾಡಿನಲ್ಲಿ ಸವೆಯುತ್ತಿರುವ ಮೂಳೆ

100 ಗ್ರಾಂ ಕುಚ್ಚಲಕ್ಕಿಯಲ್ಲಿರುವ ಕ್ಯಾಲ್ಸಿಯಂ ಸುಮಾರು 8 ಮಿಲಿಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಲೆಕ್ಕ ಇದು. ಅದೇ ಸಂಸ್ಥೆ 2020ರಲ್ಲಿ, ವಯಸ್ಕರೊಬ್ಬರಿಗೆ ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತ ಹೆಂಗಸರಿಗೆ 1200 ಬೇಕು ಎಂದು ಹೇಳಿತು. ಅದಕ್ಕೆ ಮೊದಲು ವಯಸ್ಕರಿಗೆ 600 ಸಾಕು ಎಂಬ ಲೆಕ್ಕವಿತ್ತು.

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಸಾಮಾನ್ಯ ಮನೆಯೊಂದರ ಹೆಂಗಸಿನ ಒಂದು ದಿನದ ಊಟವನ್ನು ಈ ಅಳತೆಗೆ ಹಿಡಿದು ನೋಡೋಣ. ಬೆಳಗ್ಗೆ ಗಂಜಿ, ಮಧ್ಯಾಹ್ನ ಮತ್ತು ರಾತ್ರಿ ಅನ್ನ, ಒಟ್ಟು ಮುನ್ನೂರೈವತ್ತು ಗ್ರಾಂ ಅಕ್ಕಿ ಎಂದುಕೊಂಡರೆ ಅದರಿಂದ ಸಿಗುವುದು 28 ಮಿ.ಗ್ರಾಂ. ಮೂರು ಲೋಟ ಚಹಾಕ್ಕೆ ಬೀಳುವ ಹಾಲಿನಿಂದ ಸುಮಾರು 140. ಊಟದ ಕೊನೆಗೆ ನೀರು ಮಜ್ಜಿಗೆ; ಅದರಲ್ಲಿ ನಿಜವಾಗಿ ಇರುವ ಮೊಸರು ಎರಡು ಮೂರು ಚಮಚ, ಅಂದರೆ ಐವತ್ತು ಅರವತ್ತು ಮಿ.ಗ್ರಾಂ. ಸಾಂಬಾರು, ಪಲ್ಯ, ತೆಂಗಿನಕಾಯಿ, ಮುಳ್ಳು ಬಿಡಿಸಿ ತಿಂದ ಮೀನು ಎಲ್ಲ ಸೇರಿ ಇನ್ನೊಂದು ನೂರು. ಎಷ್ಟು ಧಾರಾಳವಾಗಿ ಕೂಡಿಸಿದರೂ 350ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೊಟ್ಟೆ ತುಂಬಿದೆ, ಮೂರು ಹೊತ್ತೂ ಹಾಲಿನ ಅಂಶ ಕಂಡಿದೆ, ಆದರೂ ಬೇಕಾದುದರ ಮೂರರಲ್ಲಿ ಒಂದು ಪಾಲು ಮಾತ್ರ ದಕ್ಕಿದೆ.

ಉಳಿದದ್ದನ್ನು ದೇಹ ಎಲ್ಲಿಂದ ತರುತ್ತದೆ? ಹೃದಯ ಬಡಿಯಲು, ಸ್ನಾಯು ಬಿಗಿಯಲು, ನರಗಳು ಕೆಲಸ ಮಾಡಲು ರಕ್ತದ ಕ್ಯಾಲ್ಸಿಯಂ ಒಂದು ಕಿರಿದಾದ ಮಿತಿಯೊಳಗೇ ಇರಬೇಕು. ಅದು ಸ್ವಲ್ಪ ಇಳಿದರೂ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನು ಸುರಿಸಿ ಮೂಳೆಯಿಂದ ಎಳೆದು ತರುತ್ತವೆ. ಹೀಗಾಗಿ ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂದು ಬಂದರೆ ಮೂಳೆಯೂ ಸರಿಯಾಗಿದೆ ಎಂದು ಅರ್ಥವಲ್ಲ. ಹುಡುಗಿಯರಲ್ಲಿ ಮೂಳೆಯ ಗರಿಷ್ಠ ಗಟ್ಟಿತನದ ಸುಮಾರು ಶೇಕಡಾ ತೊಂಬತ್ತು ಪಾಲು ಹದಿನೆಂಟರೊಳಗೆ ಕೂಡಿಬಿಟ್ಟಿರುತ್ತದೆ. ಮುಟ್ಟು ನಿಂತ ಮೇಲಿನ ಐದರಿಂದ ಏಳು ವರ್ಷಗಳಲ್ಲಿ ಅದರ ಐದನೇ ಒಂದು ಪಾಲಿನವರೆಗೂ ಕರಗಬಹುದು. ಕಡಿಮೆ ಕೂಡಿಟ್ಟವರಿಗೆ ಆ ಕರಗುವಿಕೆಯನ್ನು ತಡೆದುಕೊಳ್ಳುವ ಶಕ್ತಿಯೂ ಕಡಿಮೆ. ಆಮೇಲೆ ಬಚ್ಚಲಲ್ಲಿ ಜಾರಿದರೆ ಸೊಂಟದ ಮೂಳೆ ಮುರಿಯುತ್ತದೆ. ಸೊಂಟ ಮುರಿದ ವೃದ್ಧರಲ್ಲಿ ಐವರಲ್ಲಿ ಒಬ್ಬರಷ್ಟು ಜನ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ ಎಂಬುದು ಹಲವು ದೇಶಗಳ ಅನುಭವ.

ಈ ಮೂರು ತಾಲ್ಲೂಕುಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಊಟದ ಜೊತೆ ಸೇರಿಕೊಂಡಿರುವ ಇತರ ಸಂಗತಿಗಳು. ಇಲ್ಲಿನದು ಮುರಕಲ್ಲಿನ ನೆಲ, ಹುಳಿ ಮಣ್ಣು. ಅಡಿಕೆ ತೋಟಕ್ಕೆ ಸುಣ್ಣ ಹಾಕದಿದ್ದರೆ ಆಗದು ಎಂದು ರೈತರಿಗೆ ಗೊತ್ತು. ಅದೇ ನೆಲದ ಬಾವಿ ನೀರು ಮೃದು. ಬಯಲುಸೀಮೆಯ ಗಡಸು ಕೊಳವೆಬಾವಿ ನೀರು ದಿನವೂ ಸ್ವಲ್ಪ ಕ್ಯಾಲ್ಸಿಯಂ ಕೊಡುವಂತೆ ಇದು ಕೊಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ. ಸೂರ್ಯ ನೆತ್ತಿಯ ಮೇಲೆ ಬರುವ ಅಕ್ಷಾಂಶದಲ್ಲಿದ್ದರೂ ಬೀಡಿ ಕಟ್ಟುವ ಸಾವಿರಾರು ಹೆಂಗಸರು ಜಗಲಿಯ ನೆರಳಿನಲ್ಲಿ ಸೂಪು ಎಂಬ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಹಗಲು ಕಳೆಯುತ್ತಾರೆ. ಮಧ್ಯಾಹ್ನದ ಬಿಸಿಲು ಚರ್ಮಕ್ಕೆ ತಾಗದೆ ವಿಟಮಿನ್ ಡಿ ಸಾಕಷ್ಟು ಹುಟ್ಟುವುದಿಲ್ಲ, ಅದಿಲ್ಲದೆ ಕರುಳು ಕ್ಯಾಲ್ಸಿಯಂ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಉಪ್ಪಿನಕಾಯಿ, ಒಣಮೀನಿನ ಉಪ್ಪು ಮೂತ್ರದ ದಾರಿಯಲ್ಲಿ ಇನ್ನಷ್ಟನ್ನು ಹೊರಗೆ ಒಯ್ಯುತ್ತದೆ.

ಹಾಲು ನಿಜಕ್ಕೂ ಮೂಳೆ ಕಾಯುತ್ತದೆಯೇ? 2014ರಲ್ಲಿ ಸ್ವೀಡನ್ನಿನ ಅರುವತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಅಧ್ಯಯನವೊಂದು, ದಿನಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಲೋಟ ಹಾಲು ಕುಡಿದವರಲ್ಲಿ ಮೂಳೆ ಮುರಿತ ಕಡಿಮೆಯಾಗಲಿಲ್ಲ, ಸಾವು ಹೆಚ್ಚಿತ್ತು ಎಂದಿತು. ಹಾಲಿನ ವಿರೋಧಿಗಳು ಇದನ್ನೇ ಎತ್ತಿ ಹಿಡಿಯುತ್ತಾರೆ. ಆದರೆ ಅದು ಜನರ ರೂಢಿಯನ್ನು ಗಮನಿಸಿ ಬರೆದ ಲೆಕ್ಕ. ಯಾರು ಯಾಕೆ ಹೆಚ್ಚು ಕುಡಿದರು ಎಂಬುದನ್ನು ಅದು ಬಿಡಿಸಿ ಹೇಳಲಾರದು. ಆಸ್ಟ್ರೇಲಿಯಾದ 60 ವೃದ್ಧಾಶ್ರಮಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದದ್ದು ಪ್ರಯೋಗ. ಅರ್ಧದಷ್ಟು ಆಶ್ರಮಗಳಲ್ಲಿ ಹಾಲು, ಮೊಸರು, ಚೀಸ್ ಹೆಚ್ಚಿಸಿ ದಿನದ ಕ್ಯಾಲ್ಸಿಯಂ ಅನ್ನು 1142 ಮಿ.ಗ್ರಾಂಗೆ ಏರಿಸಿದರು; ಉಳಿದ ಆಶ್ರಮಗಳಲ್ಲಿ ಅದು 700 ಇತ್ತು. ಎರಡು ವರ್ಷಗಳಲ್ಲಿ, ಉಳಿದವುಗಳಿಗೆ ಹೋಲಿಸಿದರೆ, ಒಟ್ಟು ಮೂಳೆ ಮುರಿತ ಶೇಕಡಾ 33, ಸೊಂಟದ ಮುರಿತ ಶೇಕಡಾ 46 ಇಳಿಯಿತು. ಅವರಿಗೆಲ್ಲ ವಿಟಮಿನ್ ಡಿ ಸಾಕಷ್ಟಿತ್ತು ಎಂಬುದನ್ನು ಮರೆಯಬಾರದು. ದಿನಕ್ಕೆ 350 ಮಿ.ಗ್ರಾಂನಲ್ಲಿ ಬದುಕುವ ನಮ್ಮ ಹೆಂಗಸರ ಸ್ಥಿತಿ ಮೂರು ಲೋಟದ ಸ್ವೀಡನ್ನಿಗಿಂತ ಈ ಆಶ್ರಮಗಳಿಗೇ ಹತ್ತಿರ.

ನೋವಿನ ಸಂಗತಿ ಎಂದರೆ ಹಾಲು ಇಲ್ಲಿ ಇಲ್ಲದೆ ಇಲ್ಲ. ಕುಲಶೇಖರದ ದಕ್ಷಿಣ ಕನ್ನಡ ಹಾಲು ಒಕ್ಕೂಟಕ್ಕೆ ಈ ತಾಲ್ಲೂಕುಗಳ ಸೊಸೈಟಿಗಳಿಂದಲೇ ದಿನಕ್ಕೆರಡು ಬಾರಿ ಹಾಲು ಹೋಗುತ್ತದೆ. ನಸುಕಿನಲ್ಲಿ ಎದ್ದು, ಸೆಗಣಿ ಬಾಚಿ, ಹುಲ್ಲು ಹೊತ್ತು, ಕರೆದು, ಕ್ಯಾನಿಗೆ ಹೊಯ್ಯುವವಳು ಹೆಂಗಸು. ಚಹಾಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದೆಲ್ಲ ಸೊಸೈಟಿಗೆ. ಸಾಲದ ಕಂತು, ಹಿಂಡಿಯ ಬೆಲೆ ಆ ಹಾಲಿನಿಂದಲೇ ತೀರಬೇಕು.

ಪರ್ಯಾಯಗಳ ಮಾತಿಗೆ ಬರೋಣ. ತೆಂಗಿನ ಹಾಲು ನಮ್ಮ ಅಡುಗೆಯ ಜೀವ, ಆದರೆ ಅದರ ಕ್ಯಾಲ್ಸಿಯಂ ಹಸುವಿನ ಹಾಲಿಗಿಂತ ಬಹಳ ಕಡಿಮೆ. ಈಗ ಪೇಟೆಯ ಅಂಗಡಿಗಳಿಗೆ ಬಾದಾಮಿ, ಓಟ್ಸ್, ಸೋಯಾ ಪಾನೀಯಗಳ ಪೊಟ್ಟಣಗಳೂ ಬಂದಿವೆ. ಪ್ರಾಣಿಜನ್ಯವಲ್ಲದ ಇಂಥವನ್ನು ಹಾಲು ಎಂದು ಕರೆದು ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲೇ ಹೇಳಿದೆ. ಕಾರ್ಖಾನೆಯಲ್ಲಿ ಕ್ಯಾಲ್ಸಿಯಂ ಬೆರೆಸಿದ್ದರೆ ಅದು ಹಾಲಿಗೆ ಸಮೀಪ ಬರಬಲ್ಲುದು. ಬೆರೆಸದಿದ್ದರೆ ಬಿಳಿ ನೀರು. ಪೊಟ್ಟಣದ ಹಿಂಬದಿಯಲ್ಲಿ 100 ಮಿಲಿಲೀಟರಿಗೆ 120 ಮಿ.ಗ್ರಾಂನಷ್ಟು ಇದೆಯೇ ಎಂದು ಓದಬೇಕು. ಬೆರೆಸಿದ್ದು ತಳಕ್ಕೆ ಕೂರುವುದರಿಂದ ಚೆನ್ನಾಗಿ ಕುಲುಕಿಯೇ ಹೊಯ್ಯಬೇಕು. ವರ್ಷ ತುಂಬದ ಮಗುವಿಗೆ ಎದೆಹಾಲಿನ ಬದಲು ಇವುಗಳನ್ನು ಕೊಡುವುದು ಅಪಾಯ. ಹಾಗೆ ಬೆಳೆದ ಶಿಶುಗಳಲ್ಲಿ ರಿಕೆಟ್ಸ್ ಕಂಡುಬಂದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಹಾಲು ಒಗ್ಗದವರಿಗೆ, ಬೇಡದವರಿಗೆ ನಿಜವಾದ ಪರ್ಯಾಯ ನಮ್ಮ ಹಿತ್ತಿಲಲ್ಲೇ ಇದೆ, ಆದರೆ ಎಲ್ಲ ಸೊಪ್ಪೂ ಒಂದಲ್ಲ. ಪತ್ರೊಡೆಯ ಕೆಸು, ಬಸಳೆ, ಹರಿವೆಗಳಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಅದನ್ನು ಕಟ್ಟಿಹಾಕುತ್ತದೆ. ಕರುಳಿಗೆ ಸಿಗುವುದು ಸ್ವಲ್ಪವೇ. ನುಗ್ಗೆಸೊಪ್ಪು ಉತ್ತಮ, 100 ಗ್ರಾಂಗೆ 300 ಮಿ.ಗ್ರಾಂ ದಾಟುತ್ತದೆ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ಮೂಡುಬಿದಿರೆಯ ಜೈನ ಮನೆಗಳಿಗೆ ಮೀನೂ ಇಲ್ಲ, ಹಾಗಾಗಿ ಮಳೆಗಾಲದಲ್ಲಿ ಹಾಲು, ಮೊಸರು, ಎಳ್ಳು ಅಲ್ಲಿ ಇನ್ನಷ್ಟು ಮುಖ್ಯ. ಸಿಪ್ಪೆ ತೆಗೆಯದ ಎಳ್ಳಿನಲ್ಲಿ 100 ಗ್ರಾಂಗೆ ಸಾವಿರಕ್ಕೂ ಮಿಕ್ಕಿದೆ. ರಾಗಿಯಲ್ಲಿ 364, ಮೊಳಕೆ ಬರಿಸಿ ಹುಡಿ ಮಾಡಿದರೆ ಹೀರಿಕೆಯೂ ಹೆಚ್ಚು. ಆದರೆ ನಮ್ಮಲ್ಲಿ ರಾಗಿ ಮಣ್ಣಿ ಮಗುವಿಗೆ ಹಲ್ಲು ಬರುವವರೆಗೆ ಮಾತ್ರ. ಹುರುಳಿಯಲ್ಲಿ 269. ಕಂಬಳದ ಕೋಣಗಳಿಗೆ ಹುರುಳಿ ಬೇಯಿಸಿ ತಿನ್ನಿಸುವ ನಾಡು ಇದು. ಮನೆಯವರ ಬಟ್ಟಲಿಗೆ ಬರುವುದು ಅದರ ಕಟ್ಟಿನ ಸಾರು, ಕಾಳು ಕೊಟ್ಟಿಗೆಗೆ. ಕಾಳನ್ನೂ ತಿನ್ನಬೇಕು. ಮೀನಿನ ಕ್ಯಾಲ್ಸಿಯಂ ಇರುವುದು ಮುಳ್ಳಿನಲ್ಲಿ: ಇಡಿಯಾಗಿ ತಿನ್ನುವ ಒಣ ಕೊಲ್ಲತರು, ಮುಳ್ಳು ಮೆತ್ತಗಾಗುವವರೆಗೆ ಬೇಯಿಸಿದ ಬೂತಾಯಿ ಉಪಯೋಗಕ್ಕೆ ಬರುತ್ತವೆ. ಒಣಮೀನಾದರೆ ಉಪ್ಪು ತೊಳೆದುಕೊಳ್ಳಬೇಕು.

ಮೂತ್ರಪಿಂಡದಲ್ಲಿ ಕಲ್ಲು ಆಗುತ್ತದೆಂದು ಹೆದರಿ ಹಾಲು ಬಿಟ್ಟವರನ್ನು ಎಲ್ಲ ಊರಲ್ಲೂ ಕಾಣುತ್ತೇವೆ. ಇಟಲಿಯಲ್ಲಿ, ಪದೇ ಪದೇ ಕಲ್ಲಾಗುತ್ತಿದ್ದ 120 ಗಂಡಸರ ಮೇಲೆ ಐದು ವರ್ಷ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆ ಇದಕ್ಕೆ ತದ್ವಿರುದ್ಧವಾದುದನ್ನು ತೋರಿಸಿತು: ಕ್ಯಾಲ್ಸಿಯಂ ಕಡಿತ ಮಾಡಿದವರಿಗಿಂತ, ಸಾಕಷ್ಟು ಕ್ಯಾಲ್ಸಿಯಂ ತಿಂದು ಉಪ್ಪು, ಮಾಂಸ ಕಡಿಮೆ ಮಾಡಿದವರಲ್ಲಿ ಕಲ್ಲು ಮರುಕಳಿಸಿದ್ದು ಅರ್ಧದಷ್ಟು. ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಬಿಡುತ್ತದೆ. ಇನ್ನು, ಅಜ್ಜಿಯಂದಿರು ಎಲೆಗೆ ಹಚ್ಚುತ್ತಿದ್ದ ಸುಣ್ಣದಿಂದ ಮೂಳೆಗೆ ಸ್ವಲ್ಪ ದಕ್ಕುತ್ತಿತ್ತು ಎಂಬುದು ಸುಳ್ಳಲ್ಲ. ಆದರೆ ಅದರ ಜೊತೆಗಿದ್ದ ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತೀರ್ಮಾನಿಸಿದೆ. ಆ ದಾರಿಗೆ ಮರಳಬಾರದು.

ಶಾಲಾ ಮಕ್ಕಳಿಗಾಗಿ 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ ಯೋಜನೆಯ 150 ಮಿ.ಲೀ. ಹಾಲು ಏಳನೇ ತರಗತಿಯ ಹುಡುಗಿಗೆ ಸುಮಾರು 170 ಮಿ.ಗ್ರಾಂ ಕೊಡುತ್ತದೆ. ಆಕೆಗೆ ಬೇಕಾದದ್ದು 850. ಶಾಲೆಯ ಹಾಲು ಕುಡಿದಳು ಎಂದು ಮನೆಯಲ್ಲಿ ನಿಶ್ಚಿಂತರಾದರೆ ಐದರಲ್ಲಿ ಉಳಿದ ನಾಲ್ಕು ಪಾಲು ಎಲ್ಲಿಂದಲೂ ಬರುವುದಿಲ್ಲ. ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿನಿಂದ ಹೆರಿಗೆಯ ನಂತರದ ಆರು ತಿಂಗಳವರೆಗೆ, ದಿನಕ್ಕೆರಡು ಬಾರಿ 500 ಮಿ.ಗ್ರಾಂ ಮಾತ್ರೆ ಸರ್ಕಾರವೇ ಕೊಡುತ್ತದೆ. ಅದನ್ನು ಊಟದ ಜೊತೆ, ಕಬ್ಬಿಣದ ಮಾತ್ರೆಯಿಂದ ಕನಿಷ್ಠ ಎರಡು ಗಂಟೆ ದೂರವಿಟ್ಟು ನುಂಗಬೇಕು. ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಹೀರಿಕೆಯಾಗದು.

ಹಾಲು ಹಾಕುವ ಮನೆಗಳು ಸೊಸೈಟಿಗೆ ಹೊರಡುವ ಮೊದಲೇ ತಲೆಗೊಂದು ಲೋಟ ಹಾಲು ಅಳೆದು ತೆಗೆದಿಡಬೇಕು, ಕರೆದವಳ ಲೋಟವನ್ನೂ ಸೇರಿಸಿ. ಸೊಸೈಟಿಗಳ ವಾರ್ಷಿಕ ಸಭೆಯಲ್ಲಿ ಫ್ಯಾಟ್, ಡಿಗ್ರಿ, ಬೋನಸ್ಸಿನ ಚರ್ಚೆಯ ಜೊತೆ ಈ ಲೆಕ್ಕವೂ ಬರಬೇಕು. ಇಂದು ಬೀಡಿ ಸೂಪಿನ ಮುಂದೆ ಕುಳಿತಿರುವ ಮೂವತ್ತೆಂಟರ ಹೆಂಗಸಿಗೆ ಮುಟ್ಟು ನಿಲ್ಲಲು ಉಳಿದಿರುವುದು ಬಹುಶಃ ಹತ್ತು ವರ್ಷಕ್ಕಿಂತ ಕಡಿಮೆ.